ಒಂದೇ ಸಾಫ್ಟ್‌ವೇರ್ ಸಿಂಥ್‌ನಲ್ಲಿ ಇಡೀ ಟ್ರ್ಯಾಕ್: ಪರ – ವಿರೋಧ

ಪ್ರಶ್ನೆ ಇಷ್ಟು. ತಾಳ, ಬೇಸ್, ಶ್ರುತಿ, ರಾಗದ ಎಳೆ ಎಲ್ಲವನ್ನೂ ಒಂದೇ ಸಾಫ್ಟ್‌ವೇರ್ ಸಿಂಥ್‌ನಿಂದ (ಕಂಪ್ಯೂಟರ್‌ನಲ್ಲೇ ಸದ್ದು ಹುಟ್ಟಿಸುವ ಪ್ರೋಗ್ರಾಂ) ಹೊರಡಿಸಿ ಟ್ರ್ಯಾಕ್ ಮುಗಿಸುವುದು ಒಳ್ಳೆಯ ಪದ್ಧತಿಯೇ? ಅದೇ ಸಿಂಥ್ ಅನ್ನು ಬೇರೆ ಬೇರೆ ಎಳೆಗಳಿಗಾಗಿ ಎಷ್ಟು ಸಲ ಬೇಕಾದರೂ ತೆರೆಯಬಹುದು. ಸ್ಯಾಂಪಲ್ (ಮೊದಲೇ ಧ್ವನಿಮುದ್ರಿಸಿದ ಸದ್ದಿನ ತುಣುಕು), ಅದರ ಲೂಪ್, ಬೇರೆ ಪ್ಲಗಿನ್ ಯಾವುದನ್ನೂ ಬಳಸುವಂತಿಲ್ಲ. ಉದಾಹರಣೆಗೆ ಪರ, ವಿರೋಧ ವಾದಿಸುವ ಇಬ್ಬರೂ ಸರ್ಜ್ ಎಕ್ಸ್‌ಟಿ ಎಂಬ ಸಿಂಥ್ ಅನ್ನೇ ತೆಗೆದುಕೊಂಡಿದ್ದಾರೆ. ಅದು ಉಚಿತ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಪರ: ಬೇಕಾದ್ದೆಲ್ಲ ಅದರೊಳಗೇ ಇದೆ

"ಮೆಲೊಡಿ, ಬೇಸ್ ಸರಿ, ಡ್ರಮ್ಸ್‌ಗೆ ಏನು ಮಾಡುವುದು?" ಎಂಬುದೇ ಎಲ್ಲರ ಮೊದಲ ಅನುಮಾನ. ರೋಲಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಮಷೀನ್‌ನೊಳಗೆ ಒಂದೇ ಒಂದು ಧ್ವನಿಮುದ್ರಣ ಇರಲಿಲ್ಲ. ಅದರ ಕಿಕ್, ಸ್ನೇರ್, ಸಿಂಬಲ್ ಎಲ್ಲವೂ ಆಸಿಲೇಟರ್ (ತರಂಗ ಹುಟ್ಟಿಸುವ ಭಾಗ), ನಾಯ್ಸ್ (ಸ್ವರವಿಲ್ಲದ ಸುಯ್ಯೆನ್ನುವ ಸದ್ದು), ಫಿಲ್ಟರ್‌ಗಳಿಂದಲೇ ಹುಟ್ಟಿದವು. ಇಂದು ಜಗತ್ತಿನಾದ್ಯಂತ ಕೇಳುವ ಡ್ರಮ್ ನಾದ ಅದು. ಅಂದರೆ ನಮಗೆ ಒಗ್ಗಿಹೋಗಿರುವ ಡ್ರಮ್ಸ್‌ನಲ್ಲಿ ಹಲವು ಮೂಲದಲ್ಲೇ ಸಿಂಥ್.

ಅದರ ಹೈ-ಹ್ಯಾಟ್ (ತೆರೆದು ಮುಚ್ಚುವ ಜೋಡಿ ಸಿಂಬಲ್) ಅನ್ನು ಸರ್ಜ್‌ನಲ್ಲಿ ಕಟ್ಟುವುದು ಹೀಗೆ. 808 ಆರು ಚೌಕ ತರಂಗಗಳನ್ನು ಒಟ್ಟಿಗೆ ಬೆರೆಸುತ್ತದೆ. ಅವುಗಳ ಆವರ್ತನ ಸುಮಾರು 205, 304, 370, 523, 540, 800 ಹರ್ಟ್ಸ್. ಒಂದಕ್ಕೊಂದು ಸ್ವರಸಂಬಂಧವಿಲ್ಲದ ಕಾರಣ ಲೋಹದ ಸದ್ದು ಬರುತ್ತದೆ. ಸರ್ಜ್‌ನಲ್ಲಿ ಎ, ಬಿ ಎಂದು ಎರಡು ಸೀನ್ (ಸಿಂಥ್‌ನ ಎರಡು ಸ್ವತಂತ್ರ ಪಾಲು), ಸೀನ್‌ಗೆ ಮೂರು ಆಸಿಲೇಟರ್, ಸರಿಯಾಗಿ ಆರು. ಸೀನ್ ಮೋಡ್ ಅನ್ನು ಡ್ಯುಯಲ್ ಮಾಡಿ, ಆರಕ್ಕೂ ಕ್ಲಾಸಿಕ್ ಆಸಿಲೇಟರ್ ಹಾಕಿ ಚೌಕ ಆಕಾರಕ್ಕೆ ತನ್ನಿ, ಕೀಗೆ ತಕ್ಕಂತೆ ಸ್ವರ ಬದಲಿಸುವ ಕೀಟ್ರ್ಯಾಕ್ ಆಫ್ ಮಾಡಿ. ಆಗ ಯಾವ ಕೀ ಒತ್ತಿದರೂ ಮಧ್ಯದ ಸಿ, ಅಂದರೆ 261.6 ಹರ್ಟ್ಸ್ ಬರುತ್ತದೆ. ಪಿಚ್ ಸ್ಲೈಡರ್ ಮೇಲೆ ರೈಟ್‌ಕ್ಲಿಕ್ ಮಾಡಿ ರೇಂಜ್ ಹಿಗ್ಗಿಸಿ, ಸೆಮಿಟೋನ್‌ಗಳಲ್ಲಿ ಕ್ರಮವಾಗಿ -4.2, +2.6, +6, +12, +12.5, +19.35 ಕೊಡಿ. ಎರಡೂ ಸೀನ್‌ಗಳಲ್ಲಿ ತಗ್ಗಿನ ಸದ್ದನ್ನು ತಡೆಯುವ ಹೈಪಾಸ್ ಫಿಲ್ಟರ್ 7 ಕಿಲೋಹರ್ಟ್ಸ್‌ಗೆ. ಸದ್ದಿನ ಏರಿಳಿತ ನಿರ್ಧರಿಸುವ ಆಂಪ್ ಎನ್ವಲಪ್‌ನಲ್ಲಿ ಸಸ್ಟೇನ್ (ಸದ್ದು ನಿಲ್ಲುವ ಮಟ್ಟ) ಸೊನ್ನೆ, ಡಿಕೇ (ಇಳಿಯಲು ಬೇಕಾದ ಸಮಯ) 50 ಮಿಲಿಸೆಕೆಂಡ್. ಇದು ಮುಚ್ಚಿದ ಹ್ಯಾಟ್. ತೆರೆದ ಹ್ಯಾಟ್‌ಗೆ ಡಿಕೇ 400. ಎರಡನ್ನೂ ಬೇರೆ ಬೇರೆ ಎಳೆಗಳಲ್ಲಿ ಇಟ್ಟರೆ, ಮುಚ್ಚಿದ ಹ್ಯಾಟ್ ಬಿದ್ದಾಗಲೂ ತೆರೆದದ್ದು ಸುಯ್ಯನೆ ಉಳಿದುಬಿಡುತ್ತದೆ. ಆದ್ದರಿಂದ ಒಂದೇ ಪ್ಯಾಚ್ (ಹೀಗೆ ಹೊಂದಿಸಿಟ್ಟ ಸದ್ದು) ಅನ್ನು ಸಲಕ್ಕೆ ಒಂದೇ ಸ್ವರ ನುಡಿಯುವ ಮೋನೊ ಮೋಡ್‌ನಲ್ಲಿಟ್ಟು ವೆಲಾಸಿಟಿಯಿಂದ (ಕೀ ಒತ್ತುವ ಜೋರು) ಡಿಕೇಯನ್ನು ಮಾಡ್ಯುಲೇಟ್ ಮಾಡಿ: ಮೆಲ್ಲಗೆ ಒತ್ತಿದರೆ ಮುಚ್ಚಿದ್ದು, ಜೋರಾಗಿ ಒತ್ತಿದರೆ ತೆರೆದದ್ದು. ವೆಲಾಸಿಟಿಯಿಂದ ಸದ್ದಿನ ಮಟ್ಟ ಬದಲಾಗದಂತೆ, ವೆಲಾಸಿಟಿಯನ್ನು ಗೇನ್‌ಗೆ ಜೋಡಿಸುವ ಸ್ಲೈಡರ್ ಅನ್ನು ಮಾತ್ರ ಸೊನ್ನೆ ಮಾಡಿರಿ.

ಕಿಕ್ ಇನ್ನೂ ಸುಲಭ. ಒಂದು ಸೈನ್ ಆಸಿಲೇಟರ್. ನೋಟ್ ಜಿ, 49 ಹರ್ಟ್ಸ್. ಫಿಲ್ಟರ್ ಎನ್ವಲಪ್ ಅನ್ನು ಪಿಚ್‌ಗೆ ಜೋಡಿಸಿ 36 ಸೆಮಿಟೋನ್ ಕೊಟ್ಟರೆ ಸದ್ದು 392 ಹರ್ಟ್ಸ್‌ನಿಂದ ಜಾರಿ 49ಕ್ಕೆ ಇಳಿಯುತ್ತದೆ. ಆ ಎನ್ವಲಪ್‌ನ ಡಿಕೇ 40ರಿಂದ 60 ಮಿಲಿಸೆಕೆಂಡ್ ಇರಲಿ. 100 ದಾಟಿದರೆ ಕಿಕ್ ಹೋಗಿ "ಪ್ಯೂ" ಎನ್ನುವ ಆಟಿಕೆ ಸದ್ದಾಗುತ್ತದೆ. ಆಂಪ್ ಡಿಕೇ 300. ಇಲ್ಲಿ ಮರೆಯುವುದು ರಿಟ್ರಿಗರ್ ಬಟನ್. ಅದು ಆನ್ ಇಲ್ಲದಿದ್ದರೆ ತರಂಗ ಪ್ರತಿ ಪೆಟ್ಟಿಗೂ ಎಲ್ಲಿಂದಲೋ ಶುರುವಾಗುತ್ತದೆ. ಒಂದು ಪೆಟ್ಟು ಗಟ್ಟಿ, ಇನ್ನೊಂದು ಪೊಳ್ಳು. ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಹಾಕಿ ಇದನ್ನು ಸರಿಪಡಿಸಲು ಒದ್ದಾಡುವವರಿದ್ದಾರೆ. ಬೇಕಾದದ್ದು ಆ ಒಂದು ಬಟನ್ ಅಷ್ಟೇ. ಸ್ನೇರ್‌ಗೆ ಒಂದು ಸೀನ್‌ನಲ್ಲಿ 190 ಹರ್ಟ್ಸ್ ಸೈನ್, ಇನ್ನೊಂದರಲ್ಲಿ 1 ಕಿಲೋಹರ್ಟ್ಸ್ ಮೇಲಿನ ನಾಯ್ಸ್ ಸಾಕು.

ಕಿಕ್ ಬಿದ್ದಾಗ ಬೇಸ್ ತಗ್ಗಬೇಕು. ಅದಕ್ಕೂ ಹೊರಗಿನ ಕಂಪ್ರೆಸರ್ ಬೇಡ. ಬೇಸ್ ಪ್ಯಾಚ್‌ನಲ್ಲಿ ಒಂದು ಸೀನ್ ಎಲ್‌ಎಫ್‌ಒ (ಸದ್ದನ್ನು ನಿಧಾನಕ್ಕೆ ಏರಿಳಿಸುವ ತರಂಗ) ತೆಗೆದುಕೊಂಡು ಎಂಎಸ್‌ಇಜಿ (ಕೈಯಾರೆ ಆಕಾರ ಬರೆಯುವ ಬಗೆ) ಮಾಡಿ, ಟೆಂಪೊ ಸಿಂಕ್ ಆನ್ ಮಾಡಿ, ಎಂಟು ಅಕ್ಷರಕ್ಕೆ ಒಂದು ಸುತ್ತು ಬರುವಂತೆ ಕಿಕ್ ಇರುವ ಜಾಗಗಳಲ್ಲಿ ಮಾತ್ರ ಹಳ್ಳ ಬರೆದು ವಾಲ್ಯೂಮ್‌ಗೆ ಜೋಡಿಸಿ. ಟ್ರಿಗರ್ ಫ್ರೀರನ್ ಇರಬೇಕು; ಕೀಟ್ರಿಗರ್ ಇದ್ದರೆ ಬೇಸ್‌ನ ಪ್ರತಿ ಸ್ವರಕ್ಕೂ ಸುತ್ತು ಮೊದಲಿಗೆ ಹೋಗಿ ತಾಳ ತಪ್ಪುತ್ತದೆ.

ಇಷ್ಟೆಲ್ಲ ಕೈಚಳಕಕ್ಕಿಂತ ದೊಡ್ಡ ಕಾರಣ ಶ್ರುತಿ. ರಾಗ ನುಡಿಸುವವರಿಗೆ ಇದು ನಿರ್ಣಾಯಕ. ಸರ್ಜ್ ಎಸ್‌ಸಿಎಲ್ ಎಂಬ ಸ್ಕೇಲ್ ಫೈಲ್ ಓದುತ್ತದೆ. ನೋಟ್‌ಪ್ಯಾಡ್‌ನಲ್ಲೇ ಬರೆಯಬಹುದು: ಮೊದಲ ಸಾಲು ವಿವರಣೆ, ಎರಡನೆಯದು 12 ಎಂಬ ಸಂಖ್ಯೆ, ಆಮೇಲೆ ಸಾಲಿಗೊಂದರಂತೆ 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8, 2/1. ಭಿನ್ನರಾಶಿಯಲ್ಲೇ ಬರೆಯಿರಿ. 3/2 ಬದಲು 1.5 ಎಂದು ಬರೆದರೆ, ಚುಕ್ಕೆ ಇರುವ ಸಂಖ್ಯೆಯನ್ನು ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ) ಎಂದು ಓದುವುದು ಆ ಫಾರ್ಮ್ಯಾಟ್‌ನ ನಿಯಮವಾದ್ದರಿಂದ ಪಂಚಮ ಷಡ್ಜದ ಪಕ್ಕದಲ್ಲೇ ಬಂದು ಕೂರುತ್ತದೆ. ಷಡ್ಜ ಸಿ ಅಲ್ಲದಿದ್ದರೆ ಕೆಬಿಎಂ ಎಂಬ ಇನ್ನೊಂದು ಫೈಲ್ ಬೇಕು. ಶ್ರುತಿ ಐದು ಮನೆ, ಅಂದರೆ ಜಿ ಎಂದುಕೊಳ್ಳಿ: ಅದರಲ್ಲಿ ಮಧ್ಯದ ನೋಟ್ 67 (ಆ ಜಿಯ ಮಿಡಿ ಸಂಖ್ಯೆ) ಎಂದೂ ಆವರ್ತನ 392 ಎಂದೂ ಕೊಡಬೇಕು. ಕೊಡದೆ ಜಿಯಿಂದ ನುಡಿಸಿದರೆ ಚತುಶ್ರುತಿ ರಿಷಭ 9/8 ಆಗದೆ 10/9 ಆಗುತ್ತದೆ, 22 ಸೆಂಟ್ ತಗ್ಗು. ಶ್ರುತಿಪ್ರಜ್ಞೆ ಇರುವ ಯಾರಿಗೂ ಅದು ಅಪಸ್ವರ.

ಈಗ ಇದರ ಜೊತೆ ಶ್ರುತಿಫೈಲ್ ಓದದ ಇನ್ನೊಂದು ಪ್ಲಗಿನ್ ಸೇರಿಸಿ ನೋಡಿ. ಸಿ ಷಡ್ಜಕ್ಕೆ ಅಂತರ ಗಾಂಧಾರ ಸರ್ಜ್‌ನಲ್ಲಿ 327.0 ಹರ್ಟ್ಸ್, ಅದರಲ್ಲಿ 329.6. ಎರಡೂ ಒಟ್ಟಿಗೆ ನಿಂತರೆ ಸೆಕೆಂಡಿಗೆ ಎರಡೂವರೆ ಬಾರಿ ಅಲುಗಾಟ ಕೇಳುತ್ತದೆ. ಎಲ್ಲ ಎಳೆಗಳೂ ಒಂದೇ ಸಿಂಥ್‌ನವಾದರೆ ಒಂದೇ ಫೈಲ್, ಒಂದೇ ಶ್ರುತಿ. ಹೊಸದಾಗಿ ಸಿಂಥ್ ತೆರೆದಾಗಲೆಲ್ಲ ಆ ಫೈಲ್ ಲೋಡ್ ಮಾಡುವುದನ್ನು ಮರೆಯದಿದ್ದರೆ ಆಯಿತು.

ತಂಬೂರಿಯೂ ಒಳಗೇ ಸಿಗುತ್ತದೆ. ಸ್ಟ್ರಿಂಗ್ ಆಸಿಲೇಟರ್ ತೆಗೆದುಕೊಂಡು ಎರಡು ತಂತಿಗಳ ಡಿಕೇ ಹೆಚ್ಚಿಸಿ, ಎರಡನೆಯದನ್ನು ಕೂದಲೆಳೆಯಷ್ಟು ಡಿಟ್ಯೂನ್ ಮಾಡಿ, ಮುಂದೆ ತರಂಗದ ಆಕಾರ ಬಾಗಿಸುವ ವೇವ್‌ಶೇಪರ್ ಅನ್ನು ಅಲ್ಪ ಡ್ರೈವ್‌ನಲ್ಲಿಡಿ. ಲೋಪಾಸ್ ಫಿಲ್ಟರ್ ಮೀಟಿದ ತಕ್ಷಣ ಅರ್ಧ ಮುಚ್ಚಿದ್ದು, ಮುಂದಿನ ಒಂದು ಸೆಕೆಂಡಿನಲ್ಲಿ ನಿಧಾನಕ್ಕೆ ತೆರೆಯಲಿ. ಮಂದ್ರ ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ. ಆ ನಾಲ್ಕು ಸ್ವರಗಳು ಮತ್ತೆ ಮತ್ತೆ ಬರುವಂತೆ ಬರೆದು ಬಿಟ್ಟರೆ ಹಾಡಿನುದ್ದಕ್ಕೂ ನಿಲ್ಲುತ್ತದೆ.

ಹೀಗೆ ಕಟ್ಟಿದವರಿಗೆ ತಮ್ಮ ಟ್ರ್ಯಾಕ್‌ನ ಪ್ರತಿ ಸದ್ದೂ ಯಾಕೆ ಹಾಗಿದೆ ಎಂದು ಗೊತ್ತಿರುತ್ತದೆ. ಮಿಕ್ಸ್‌ನಲ್ಲಿ ಹ್ಯಾಟ್ ಚುಚ್ಚಿದರೆ ಈಕ್ಯೂ ಹುಡುಕುವುದಿಲ್ಲ, ಫಿಲ್ಟರ್ ತಿರುಗಿಸುತ್ತಾರೆ. ಸಾವಿರ ಪ್ರಿಸೆಟ್ ಕೇಳುತ್ತ ಸಂಜೆ ಕಳೆಯುವ ಚಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ವಿರೋಧ: ಮೊದಲ 30 ಮಿಲಿಸೆಕೆಂಡ್ ಸಿಂಥ್‌ಗೆ ದಕ್ಕುವುದಿಲ್ಲ

808ರ ಮಾತು ನಿಜ. ಆದರೆ ಅಲ್ಲಿಗೇ ನಿಲ್ಲಬಾರದು. ಅದೇ ರೋಲಂಡ್ 1983ರಲ್ಲಿ ಟಿಆರ್-909 ತಂದಾಗ ಕಿಕ್, ಸ್ನೇರ್, ಟಾಮ್‌ಗಳನ್ನು ಸಿಂಥ್ ಆಗಿಯೇ ಉಳಿಸಿ, ಹ್ಯಾಟ್ ಮತ್ತು ಸಿಂಬಲ್‌ಗಳಿಗೆ ಧ್ವನಿಮುದ್ರಿತ ಸ್ಯಾಂಪಲ್ ಹಾಕಿತು. 1987ರ ಡಿ-50 ಕೀಬೋರ್ಡ್‌ನಲ್ಲಿ ಇನ್ನೊಂದು ಹೆಜ್ಜೆ: ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ, ಇದ್ದ ಅಲ್ಪ ಜಾಗವನ್ನು ಅದು ಕೊಟ್ಟದ್ದು ಸ್ವರದ ಆರಂಭದ ಚಿಕ್ಕ ತುಣುಕುಗಳ ಸ್ಯಾಂಪಲ್‌ಗೆ, ಮುಂದಿನ ನಾದ ಸಿಂಥ್‌ನಿಂದ. ವಾದ್ಯ ಯಾವುದು ಎಂದು ಕಿವಿ ಗುರುತಿಸುವುದು ಬಹಳಮಟ್ಟಿಗೆ ಸದ್ದಿನ ಆ ಮೊದಲ ಕ್ಷಣದಲ್ಲಿ, ಬೆರಳು, ಕೋಲು, ಚರ್ಮ ತಾಗುವ ಗೊಂದಲದಲ್ಲಿ. ಯಂತ್ರ ತಯಾರಿಸುವವರೇ ನಾಲ್ಕು ದಶಕದ ಹಿಂದೆ ಒಪ್ಪಿಕೊಂಡ ಮಿತಿಯನ್ನು ನಾವು ಈಗ ನಿಯಮ ಮಾಡಿಕೊಂಡು ಹೊರಬೇಕಾಗಿಲ್ಲ.

ನಮ್ಮ ತಾಳವಾದ್ಯಗಳಿಗೆ ಬಂದರೆ ಈ ಮಿತಿ ನೇರವಾಗಿ ಎದುರಾಗುತ್ತದೆ. ಮೃದಂಗ, ತಬಲಾಗಳ ಮುಚ್ಚಿಗೆಯ ನಡುವಿನ ಕಪ್ಪು ಲೇಪ ಉಪಸ್ವರಗಳನ್ನು ಸ್ವರಬದ್ಧ ಮಾಡುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ಪ್ರಕಟಿಸಿದ್ದರು. ಬರೀ ಚರ್ಮದ ವೃತ್ತವಾದರೆ ಉಪಸ್ವರಗಳು 1, 1.59, 2.14, 2.30 ಎಂದು ಅಡ್ಡಾದಿಡ್ಡಿ ಹೋಗುತ್ತವೆ. ಲೇಪವಿದ್ದರೆ 1, 2, 3ರ ಸಮೀಪಕ್ಕೆ ಬರುತ್ತವೆ. ಈ ಲೆಕ್ಕ ಹಿಡಿದು ಐದು ಸೈನ್ ಜೋಡಿಸಿ, ಒಂದೊಂದಕ್ಕೂ ಬೇರೆ ಡಿಕೇ ಕೊಟ್ಟು ಸರ್ಜ್‌ನಲ್ಲಿ "ಧಿಂ" ಬರಿಸಬಹುದು, ಕಿವಿಗೆ ಹಿತವಾಗಿಯೇ ಇರುತ್ತದೆ. ಆದರೆ ಮುಂದಿನ ಪೆಟ್ಟು "ತ". ಅಲ್ಲಿ ಬೆರಳು ಚರ್ಮದ ಮೇಲೆ ಉಳಿದು ಕೆಲವು ಉಪಸ್ವರಗಳನ್ನು ಕೊಲ್ಲುತ್ತದೆ. ಅದಕ್ಕೆ ಬೇರೆ ಪ್ಯಾಚ್. ಚಾಪುವಿಗೆ ಇನ್ನೊಂದು. ಎಡಗಡೆಯ ಗುಮ್ಕಿಗೆ ಅಂಗೈ ಒತ್ತಡ ಬದಲಾದಂತೆ ಸ್ವರ ಏರಬೇಕು. ಎಡಬಲ ಕೂಡಿ ನುಡಿಸಿದರೆ ಎರಡು ಮುಖಗಳ ನಡುವಿನ ಗಾಳಿಯೂ ಅಲುಗುತ್ತದೆ, ಎರಡು ಪ್ಯಾಚ್‌ಗಳ ಮೊತ್ತದಲ್ಲಿ ಅದು ಇರುವುದಿಲ್ಲ. ವಾರಗಟ್ಟಲೆ ಕೂತು ಎಂಟು ಪ್ಯಾಚ್ ಮಾಡಿದ ಮೇಲೂ ಕೈಗೆ ಸಿಗುವುದು ಚೆನ್ನಾಗಿರುವ ಎಲೆಕ್ಟ್ರಾನಿಕ್ ಡ್ರಮ್, ಮೃದಂಗವಲ್ಲ.

ತಂಬೂರಿಯದೂ ಇದೇ ಕಥೆ. ಅದರ ಗುಂಯ್ಗುಡುವಿಕೆ ಹುಟ್ಟುವುದು ತಂತಿ ಕುದುರೆಯ ಬಾಗಿದ ಮೈಗೆ, ಅಲ್ಲಿಟ್ಟ ದಾರದಿಂದಾಗಿ, ಕಂಪನದ ಪ್ರತಿ ಸುತ್ತಿನಲ್ಲೂ ಸವರಿಕೊಂಡು ಹೋಗುವುದರಿಂದ. ವೇವ್‌ಶೇಪರ್‌ಗೆ ತಂತಿಯ ಆ ಕ್ಷಣದ ಆಕಾರ ಗೊತ್ತಿಲ್ಲ. ಹಾಗಾಗಿ ಫಿಲ್ಟರ್ ತೆರೆದಂತೆ ಕೇಳುತ್ತದೆಯೇ ಹೊರತು ಒಂದೊಂದು ಉಪಸ್ವರ ಸರದಿಯಲ್ಲಿ ಮೇಲೆದ್ದು ಇಳಿದಂತೆ ಕೇಳುವುದಿಲ್ಲ.

ಗಮಕದಲ್ಲಿ ಇನ್ನೂ ಕಷ್ಟ. ಕೀಬೋರ್ಡ್‌ನಲ್ಲಿ ಸ್ವರ ಜಾರಿಸುವ ಪಿಚ್‌ಬೆಂಡ್‌ಗೆ 16,384 ಹಂತಗಳಿವೆ, ನಯಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಸಂಬಂಧದಲ್ಲಿ. ವೀಣೆಯಲ್ಲಿ ತಂತಿಯನ್ನು ಎಳೆದಾಗ ಸ್ವರ ಏರುವುದರ ಜೊತೆಗೆ ನಾದದ ಬಣ್ಣ ಬದಲಾಗುತ್ತದೆ, ಮೀಟಿದ ಶಕ್ತಿ ಕರಗುತ್ತಿರುತ್ತದೆ, ಬೆರಳು ಮೆಟ್ಟಿಲ ಮೇಲೆ ಉಜ್ಜುತ್ತದೆ. ಸಿಂಥ್‌ನಲ್ಲಿ ಸ್ವರ ಏರಿತು ಅಷ್ಟೇ. ಬೆಂಡ್ ಅನ್ನು ಫಿಲ್ಟರ್‌ಗೂ ವಾಲ್ಯೂಮ್‌ಗೂ ಜೋಡಿಸಿದರೆ ಸ್ವಲ್ಪ ಸುಧಾರಿಸುತ್ತದೆ. ತೋಡಿಯ ಗಾಂಧಾರವನ್ನು ಅದರಲ್ಲಿ ಕೇಳಿದರೆ ಎಷ್ಟು ಸ್ವಲ್ಪ ಎಂದು ಗೊತ್ತಾಗುತ್ತದೆ.

ಶ್ರುತಿಯ ವಾದ ಬಲವಾದದ್ದೇ, ಆದರೆ ಅದರಿಂದ "ಒಂದೇ ಸಿಂಥ್" ಎಂಬ ತೀರ್ಮಾನ ಹೊರಡುವುದಿಲ್ಲ. ವೈಟಲ್ ಎಂಬ ಇನ್ನೊಂದು ಸಿಂಥ್ ಕೂಡ ಎಸ್‌ಸಿಎಲ್ ಓದುತ್ತದೆ. ಎಂಟಿಎಸ್-ಇಎಸ್‌ಪಿ ಎಂಬ ವ್ಯವಸ್ಥೆಯನ್ನು ಬೆಂಬಲಿಸುವ ಸಿಂಥ್‌ಗಳನ್ನೆಲ್ಲ ಒಂದೇ ಪ್ಲಗಿನ್‌ನಿಂದ ಏಕಕಾಲಕ್ಕೆ ಶ್ರುತಿಗೊಳಿಸಬಹುದು. ಸರ್ಜ್ ಅದನ್ನೂ ಬೆಂಬಲಿಸುತ್ತದೆ.

ನಿಯಮದ ಅಂಚು ಎಲ್ಲಿ ಎಂಬುದೂ ತಿಳಿಯಾಗಿಲ್ಲ. ವೈಟಲ್‌ನ ಒಳಗೇ ಸ್ಯಾಂಪಲ್ ನುಡಿಸುವ ವಿಭಾಗವಿದೆ. ಸರ್ಜ್‌ನ ವೇವ್‌ಟೇಬಲ್ ಆಸಿಲೇಟರ್‌ಗೆ ಹೊರಗಿನ ವೇವ್ ಫೈಲ್ ಹಾಕಬಹುದು. ಅದರಲ್ಲಿ ಧ್ವನಿಮುದ್ರಣದ ಚೂರು ತಂದರೆ ಅದು ಸಿಂಥ್ ಆಯಿತೇ, ಸ್ಯಾಂಪಲ್ ಆಯಿತೇ? ಈ ಪ್ರಶ್ನೆಗೆ ಕೂತು ಉತ್ತರಿಸುವುದರಿಂದ ಸಂಗೀತಕ್ಕೆ ಏನೂ ಸಿಗುವುದಿಲ್ಲ. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ರಾಗಗಳನ್ನು ಯಂತ್ರಗಳಲ್ಲಿ ನುಡಿಸಿದಾಗ ತಾಳಕ್ಕೆ 808, ಬೇಸ್‌ಗೆ ಟಿಬಿ-303, ರಾಗಕ್ಕೆ ಜುಪಿಟರ್-8 ಇಟ್ಟುಕೊಂಡಿದ್ದರು. ಅವರ ಸಂಗೀತ ಇಂದಿಗೂ ತಾಜಾ ಇದೆ, ಮತ್ತು ಅಲ್ಲಿ ಮೂರು ಯಂತ್ರಗಳ ಮೂರು ಸ್ವಭಾವ ಬೇರೆಬೇರೆಯಾಗಿ ಕೇಳುತ್ತದೆ. ಒಂದೇ ಎಂಜಿನ್‌ನ ಹತ್ತು ಎಳೆಗಳಲ್ಲಿ ಆ ಬಿಡುವು ಸಿಗುವುದಿಲ್ಲ. ಪ್ಯಾಡ್ (ಹಿನ್ನೆಲೆಯಲ್ಲಿ ಹರಡಿ ನಿಲ್ಲುವ ನಾದ), ಬೇಸ್, ತಂಬೂರಿ ಮೂರೂ 200ರಿಂದ 500 ಹರ್ಟ್ಸ್ ನಡುವೆ ಒಂದೇ ಬಗೆಯ ಮೈಯಲ್ಲಿ ಬಂದು ಒತ್ತುತ್ತವೆ.

ಅಭ್ಯಾಸಕ್ಕೆ ಈ ನಿಯಮ ಇರಲಿ, ಆಸಿಲೇಟರ್ ಎಂದರೇನೆಂದು ಕಲಿಯುವುದಕ್ಕೆ ಒಳ್ಳೆಯದು. ಕೇಳುಗರ ಮುಂದಿಡುವ ಟ್ರ್ಯಾಕ್‌ಗೆ ಸಿಂಥ್ ಪಕ್ಕದಲ್ಲಿ ಒಂದು ಸ್ಯಾಂಪ್ಲರ್ ಇಡಿ. ಮೇಲೆ ಹೇಳಿದ 49 ಹರ್ಟ್ಸ್ ಕಿಕ್ ಚೆನ್ನಾಗಿದೆ, ಅದನ್ನು ಬಿಡಬೇಡಿ. ಅದರ ಮೇಲೆ ನಿಜವಾದ ಮೃದಂಗದ ಅಥವಾ ಡೊಳ್ಳಿನ ಪೆಟ್ಟಿನ ಮೊದಲ 30 ಮಿಲಿಸೆಕೆಂಡ್ ಮಾತ್ರ ಕತ್ತರಿಸಿ ಕೂರಿಸಿ. ತುಣುಕಿನ ಆರಂಭ ತರಂಗದ ಸೊನ್ನೆ ಗೆರೆಯ ಮೇಲಿರಲಿ, ಕೊನೆಗೆ 5 ಮಿಲಿಸೆಕೆಂಡ್ ಫೇಡ್ ಕೊಡಿ, ಇಲ್ಲದಿದ್ದರೆ ಟಿಕ್ ಎನ್ನುತ್ತದೆ. 1 ಕಿಲೋಹರ್ಟ್ಸ್‌ಗೆ ಹೈಪಾಸ್ ಹಾಕಿ, ಅದರ ತಗ್ಗು ಭಾಗ ಸಿಂಥ್‌ನ ತಗ್ಗು ಭಾಗವನ್ನು ತಿಂದುಹಾಕದಂತೆ. ಪೊಲಾರಿಟಿ (ತರಂಗದ ಮೇಲು-ಕೆಳಗು) ತಿರುಗಿಸದೆ ಒಮ್ಮೆ, ತಿರುಗಿಸಿ ಒಮ್ಮೆ ಕೇಳಿ. ಯಾವುದರಲ್ಲಿ ಪೆಟ್ಟು ಗಟ್ಟಿಯಾಗಿ ಬರುತ್ತದೋ ಅದನ್ನು ಉಳಿಸಿಕೊಳ್ಳಿ.