ಸೃಜನಶೀಲತೆಯ ಫೋಟೋ ಸಂಜೆ ಐದರೊಳಗೆ ಅಪ್‌ಲೋಡ್ ಮಾಡಿ

ಇಪ್ಪತ್ತೊಂದನೇ ಶತಮಾನದ ಕೌಶಲಗಳು ಶಿಕ್ಷಕರ ತರಬೇತಿಯ ವೇಷದಲ್ಲಿ ಕೊನೆಗೂ ತಾಲ್ಲೂಕು ಕೇಂದ್ರಕ್ಕೆ ಬಂದಿಳಿದಿವೆ. ಸಹಯೋಗ, ಸೃಜನಶೀಲತೆ, ಸಂವಹನ, ವಿಮರ್ಶಾತ್ಮಕ ಚಿಂತನೆ. ಶತಮಾನದ ಕಾಲುಭಾಗ ದಾರಿಯಲ್ಲೇ ಮುಗಿಯಿತು, ಇರಲಿ. ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳಿ ಹೇಳಿ, ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಭಾಂಗಣಕ್ಕೆ ಬರುವಷ್ಟರಲ್ಲಿ ಚಟುವಟಿಕೆಗಳೆಲ್ಲ ಉದುರಿಹೋಗಿ ಪಿಪಿಟಿ ಒಂದೇ ಉಳಿದಿರುತ್ತದೆ. ಅದನ್ನು ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳು ಅಕ್ಷರ ಬಿಡದೆ ಓದುತ್ತಾರೆ: ‘ತರಗತಿಯಲ್ಲಿ ಉಪನ್ಯಾಸ ಪದ್ಧತಿ ಸಲ್ಲದು.’

ವಿಮರ್ಶಾತ್ಮಕ ಚಿಂತನೆಯ ಅವಧಿಯಲ್ಲಿ ಯಾರಾದರೂ ಎದ್ದು, ‘ಸರ್, ಐದು ತರಗತಿಗೆ ಇಬ್ಬರೇ ಟೀಚರ್ ಇರೋ ಶಾಲೇಲಿ ಇದನ್ನ ಹೆಂಗ್ ಮಾಡೋದು?’ ಅಂದರೆ ಉತ್ತರ ಸಿದ್ಧ: ‘ಅದು ಇವತ್ತಿನ ವಿಷಯ ಅಲ್ಲ, ಕೂತ್ಕೊಳಿ ಮೇಡಂ.’

ಆಮೇಲೆ ಸಹಯೋಗ. ಗುಂಪಿಗೆ ಎಂಟು ಜನ, ಒಂದು ಚಾರ್ಟು, ಒಂದು ಸ್ಕೆಚ್ ಪೆನ್ನು. ಅಕ್ಷರ ದುಂಡಗಿರುವ ಮೇಡಂ ಬರೆಯುತ್ತಾರೆ, ಉಳಿದ ಏಳು ಮಂದಿ ಟಿಎ (ಪ್ರಯಾಣ ಭತ್ಯೆ) ಬಿಲ್ಲಿನ ಬಗ್ಗೆ ಸಂವಹನ ನಡೆಸುತ್ತಾರೆ. ಗುಂಪು ಕೆಲಸ ಹೇಗೆ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಸಿಗದು.

ಕೆಡದಂತೆ ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಗುಂಪಿಗೆ ನಾಲ್ಕೇ ಮಕ್ಕಳು. ಮುಂದಿನ ಡೆಸ್ಕಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ಗುಂಪಾಯಿತು. ಪುಸ್ತಕದಲ್ಲಿ ಉತ್ತರವಿರುವ ಪ್ರಶ್ನೆ ಕೊಡಬಾರದು, ಕೊಟ್ಟರೆ ಚುರುಕಿನವನು ಪುಟ ತೆಗೆದು ಬರೆದು ಮುಗಿಸುತ್ತಾನೆ. ‘ಬಿಸಿಯೂಟದ ತಟ್ಟೆ ತೊಳೆದ ನೀರು ಕೊಳಾಯಿ ಹತ್ತಿರ ನಿಲ್ಲುತ್ತದೆ, ಏನು ಮಾಡೋಣ?’ ಎಂದು ಕೇಳಿ. ಮೊದಲ ಎರಡು ನಿಮಿಷ ಯಾರೂ ಮಾತಾಡದೆ ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಎಂಟು ನಿಮಿಷ ಚರ್ಚೆ. ವರದಿ ಒಪ್ಪಿಸುವವರು ಯಾರೆಂದು ಕೊನೆಯಲ್ಲಿ ಮೇಷ್ಟ್ರೇ ಬೆರಳು ತೋರಿಸಿ ಹೇಳಬೇಕು. ಮೊದಲೇ ಗೊತ್ತಾದರೆ ಉಳಿದ ಮೂವರು ಕಿಟಕಿ ನೋಡುತ್ತಾರೆ.

ಇನ್ನೂ ಅಗ್ಗದ್ದು ಬೇಕೆ? ಪ್ರಶ್ನೆ ಕೇಳಿ ಸುಮ್ಮನಿರುವುದು. ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ‘ಗೊತ್ತಿಲ್ಲ’ ಅನ್ನುವವರು ಕಡಿಮೆಯಾಗುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೌನಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ. ಬಹುಶಃ ಅದಕ್ಕೇ ಜಾರಿಗೆ ಬಂದಿಲ್ಲ.

ಮಕ್ಕಳು ಒಬ್ಬರಿಗೊಬ್ಬರು ಕಲಿಸಬಹುದು ಎಂದು ಹೇಳಿಕೊಡಲು ನಮಗೆ ಸ್ಲೈಡು ಬೇಕಿರಲಿಲ್ಲ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಗಿತ್ತು. ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ಕಾರ್ಡುಗಳು, ಸಹಪಾಠಿಯ ನೆರವಿನಿಂದ ಕಲಿಯುವ ಗುಂಪು, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ. ಶಿಕ್ಷಕರೇ ಕೂತು ಕಟ್ಟಿದ ಪದ್ಧತಿ. ಆದರೆ ಅದು ಮೂರನೇ ತರಗತಿಯವರೆಗೆ ಮಾತ್ರ. ಅದನ್ನು ದಾಟಿದ ಮೇಲೆ ಮಕ್ಕಳು ಸಾಲಾಗಿ ಕೂತು ನೋಟ್ಸ್ ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಸಹಯೋಗಕ್ಕೆ ವಯಸ್ಸಾಗಿರುತ್ತದೆ.

ಹತ್ತನೇ ತರಗತಿಯಲ್ಲಂತೂ ನಾಲ್ಕೂ ಕೌಶಲಕ್ಕೆ ಸೇರಿ ಒಂದೇ ಮದ್ದು: ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆಯ್ದು ಉರು ಹೊಡೆಸುವ ಕಟ್ಟು. ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪೀಠಿಕೆ ಯಾವ ವಿಷಯಕ್ಕೂ ಹೊಂದುವಂತೆ ಮೊದಲೇ ಬಾಯಿಪಾಠ. ಗ್ರಂಥಾಲಯವೋ ಪ್ಲಾಸ್ಟಿಕ್ಕೋ, ‘ಇಂದಿನ ಆಧುನಿಕ ಯುಗದಲ್ಲಿ’ ಅಂತಲೇ ಶುರು. ಇದನ್ನು ಉರು ಹೊಡೆಸಿದ ಮೇಷ್ಟ್ರನ್ನು ಬೈಯುವ ಹಾಗಿಲ್ಲ. ಫಲಿತಾಂಶ ಕುಸಿದರೆ ನೋಟಿಸ್ ಬರುವುದು ಅವರಿಗೆ. ಮಕ್ಕಳು ಯೋಚನೆ ಮಾಡಲಿಲ್ಲ ಎಂದು ಯಾವ ಮೇಷ್ಟ್ರಿಗೂ ಈವರೆಗೆ ನೋಟಿಸ್ ಬಂದದ್ದು ಕೇಳಿಲ್ಲ. ಕಲಿಸುವ ಕಾಲವನ್ನು ಸಮೀಕ್ಷೆ, ಮೊಟ್ಟೆಯ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ತಂತ್ರಾಂಶದ ಎಂಟ್ರಿ ಎಂದು ಕಿತ್ತುಕೊಂಡು, ಉಳಿದ ಚೂರಿನಲ್ಲಿ ಹೊಸತನ ತೋರಿಸಿ ಅನ್ನುವುದಕ್ಕೆ ನಾಚಿಕೆಯಾದರೂ ಬೇಡವೆ?

80 ಅಂಕದ ಪ್ರಶ್ನೆಪತ್ರಿಕೆಯ ಪಕ್ಕದಲ್ಲಿ ಶಾಲೆಯಲ್ಲೇ ಕೊಡುವ 20 ಆಂತರಿಕ ಅಂಕಗಳಿವೆ. ಮಗು ಮಾತಾಡಿದ್ದು, ಕಟ್ಟಿದ್ದು, ಪ್ರಶ್ನೆ ಕೇಳಿದ್ದು ಎಲ್ಲಕ್ಕೂ ಅಲ್ಲೇ ಜಾಗ. ಪ್ರಾಜೆಕ್ಟ್ ಪುಸ್ತಕಗಳು ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ, ಹೆಸರು ಬರೆಯುವ ಜಾಗ ಖಾಲಿ ಬಿಟ್ಟು.