ಏನಿಲ್ಲ ಎಂದು ಕೇಳಿದ್ದು ಸಾಕು

ಇವತ್ತು ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸಮಿತಿಯವರು ಹಂಚಿದ ನಮೂನೆ ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನೆರವು ಬೇಕಾದ ಕುಟುಂಬಗಳ ಸಮೀಕ್ಷೆಯಂತೆ. ಆದಾಯವಿಲ್ಲವೇ, ಕೆಲಸವಿಲ್ಲವೇ, ಸ್ವಂತ ಮನೆಯಿಲ್ಲವೇ, ಕಾಯಿಲೆಯಿದೆಯೇ, ಸಾಲವಿದೆಯೇ? ಎರಡು ಪುಟದ ತುಂಬ ಇಂಥವೇ ಪ್ರಶ್ನೆಗಳು. ನಿಮಗೆ ಯಾವ ಕೆಲಸ ಬರುತ್ತದೆ, ಯಾರಿಗೆ ಏನು ಕಲಿಸಬಲ್ಲಿರಿ, ಅಕ್ಕಪಕ್ಕದವರು ಕಷ್ಟ ಬಂದಾಗ ನಿಮ್ಮ ಬಾಗಿಲು ತಟ್ಟುತ್ತಾರೆಯೇ ಎಂದು ಕೇಳುವ ಒಂದೇ ಒಂದು ಸಾಲು ಅದರಲ್ಲಿಲ್ಲ.

ನನ್ನ ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ತಮ್ಮ ನಮೂನೆಯನ್ನು ನನ್ನ ಕೈಗಿಟ್ಟು, "ನೀನೇ ತುಂಬಿಕೊಡಮ್ಮ" ಎಂದರು. ವಿಧವೆ. ಆದಾಯವಿಲ್ಲ. ಮಂಡಿನೋವು. ಮಕ್ಕಳು ದೂರ. ಕಾಗದದ ಪ್ರಕಾರ ಅವರ ಬದುಕು ಅಲ್ಲಿಗೆ ಮುಗಿಯಿತು. ಆದರೆ ಅವರ ಬೀದಿಯಲ್ಲಿ ಸಾವಾದರೆ ಮೊದಲು ಹೋಗಿ ನಿಲ್ಲುವವರು ಅವರು. ಯಾವ ಮನೆಯ ಹುಡುಗ ಶಾಲೆ ಬಿಟ್ಟಿದ್ದಾನೆ, ಯಾವ ಮನೆಯಲ್ಲಿ ಕುಡಿತದಿಂದ ಒಲೆ ಆರಿದೆ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಜಗಳ ಬಿಡಿಸಲು ಜನ ಹುಡುಕಿಕೊಂಡು ಹೋಗುವುದು ಅವರನ್ನೇ. ಇದನ್ನೆಲ್ಲ ಬರೆಯಲು ಕಾಲಂ ಇರಲಿಲ್ಲ. ಅಂಚಿನಲ್ಲಿ ಒತ್ತೊತ್ತಾಗಿ ಬರೆದೆ. ನಮೂನೆ ವಾಪಸು ಪಡೆದವರು ಓದಿ, "ಇದೆಲ್ಲ ಬೇಕಾಗಿಲ್ಲ" ಎಂದರು. ಬೇಕಾಗಿದ್ದದ್ದು ಅದೊಂದೇ!

ಚರ್ಚಿನ ಋಣ ನನ್ನ ಮೇಲೆ ಎಷ್ಟಿದೆ ಎಂಬುದು ನಿಮಗೆ ಗೊತ್ತು. ನನ್ನ ಶಾಲೆಯ ಶುಲ್ಕ ಕಟ್ಟಿದ್ದು ಅದೇ. ಆದರೆ ಇದುವರೆಗೆ ಹೇಳದ ಒಂದು ಮಾತನ್ನು ಇಂದು ಹೇಳಿಬಿಡುತ್ತೇನೆ. ಎಲ್ಲರೆದುರು ಹೆಸರು ಕೂಗಿದಾಗ ಎದ್ದು ಹೋಗಿ ಲಕೋಟೆ ಹಿಡಿದು ಬರುತ್ತಿದ್ದೆನಲ್ಲ, ಆಗ ನನ್ನ ಕತ್ತು ಮೇಲೇಳುತ್ತಿರಲಿಲ್ಲ. ಪುಟ್ಟ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಓದು ಹೇಳಿಕೊಡುತ್ತೀಯಾ ಎಂದು ಒಬ್ಬರಾದರೂ ಕೇಳಿದ್ದರೆ ತಲೆಯೆತ್ತಿ ನಡೆಯುತ್ತಿದ್ದೆ. ನನಗೆ ಆ ವಯಸ್ಸಿಗೇ ಅದು ಚೆನ್ನಾಗಿ ಬರುತ್ತಿತ್ತು. ಯಾರೂ ಕೇಳಲಿಲ್ಲ.

ಇದು ನನ್ನೊಬ್ಬಳ ಕೊರಗಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಮೆಕ್‌ನೈಟ್ ಮತ್ತು ಜಾನ್ ಕ್ರೆಟ್ಸ್‌ಮನ್ 1993ರಲ್ಲೇ ಇದನ್ನು ವಿವರವಾಗಿ ಬರೆದರು. ಒಂದು ಬಡಾವಣೆಯ ಕೊರತೆಗಳನ್ನಷ್ಟೇ ಪಟ್ಟಿ ಮಾಡುತ್ತ ಹೋದರೆ ಅಲ್ಲಿನ ಜನರು ಕೊನೆಗೆ ತಮ್ಮನ್ನು ತಾವೇ ಕೊರತೆಯ ಕಣ್ಣಿನಿಂದ ನೋಡಿಕೊಳ್ಳುತ್ತಾರೆ ಎನ್ನುವುದು ಅವರ ವಾದ. ಹಾಗಾಗಿ ಮೊದಲು ಜನರ ಕೌಶಲ, ಅಲ್ಲಿನ ಸಂಘಗಳು, ಸಂಸ್ಥೆಗಳು, ಕಟ್ಟಡ, ಜಮೀನು ಇವುಗಳ ಲೆಕ್ಕ ಹಾಕಿ ಎಂದರು. ಇಂಡಿಯಾನಾಪೊಲಿಸ್ ನಗರದ ಬ್ರಾಡ್‌ವೇ ಯುನೈಟೆಡ್ ಮೆಥೊಡಿಸ್ಟ್ ಚರ್ಚ್ ಇದನ್ನು ಮಾಡಿಯೇ ತೋರಿಸಿತು. ಸಭಾಪಾಲಕ ಮೈಕ್ ಮ್ಯಾಥರ್ ಅವರ ಕಾಲದಲ್ಲಿ ಡಿಯಾಮನ್ ಹಾರ್ಜೆಸ್ ಎಂಬುವರಿಗೆ ಅಲ್ಲಿ ಕೊಟ್ಟ ಕೆಲಸವೇ ಬೀದಿ ಬೀದಿ ಸುತ್ತಿ ಜನರ ಮಾತು ಕೇಳಿಸಿಕೊಳ್ಳುವುದು. ಯಾರಿಗೆ ತೋಟಗಾರಿಕೆ ಬರುತ್ತದೆ, ಯಾರ ಕೈ ಅಡುಗೆಯಲ್ಲಿ ಪಳಗಿದೆ, ಯಾರು ಚಿತ್ರ ಬರೆಯುತ್ತಾರೆ ಎಂದು ತಿಳಿದುಕೊಂಡು, ಅಂಥವರನ್ನು ಒಂದು ಊಟದ ಮೇಜಿನ ಸುತ್ತ ಕೂರಿಸುವುದು. ನಮ್ಮಲ್ಲಿ ಕೇಳಿಸಿಕೊಳ್ಳುವುದಕ್ಕೆ ಯಾರನ್ನಾದರೂ ನೇಮಿಸಿದ್ದೇವೆಯೇ?

ಹೊಸ ಸಿದ್ಧಾಂತ ಬೇಡ ಎನ್ನುವವರು ಬೈಬಲಿನ ಪ್ರವಾದಿ ಎಲೀಷನ ಕಥೆಯನ್ನೇ ನೆನಪಿಸಿಕೊಳ್ಳಲಿ. ಸಾಲ ಕೊಟ್ಟವನು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ ಎಂದು ಅತ್ತ ವಿಧವೆಗೆ ಆತ ಕೇಳಿದ್ದು, ಮನೆಯಲ್ಲಿ ಏನಿದೆ ಎಂದು. ಇದ್ದದ್ದು ಒಂದಿಷ್ಟು ಎಣ್ಣೆ; ಅದೇ ಎರವಲು ತಂದ ಪಾತ್ರೆಗಳನ್ನೆಲ್ಲ ತುಂಬಿತು, ಮಾರಿ ಸಾಲ ತೀರಿಸಿದಳು. ಎಣ್ಣೆ ಅವಳದು, ತುಂಬಿಸಿದ ಪಾತ್ರೆಗಳು ನೆರೆಹೊರೆಯವರದು. ಈ ಭಾಗದ ಮೇಲೆ ಚರ್ಚಿನಲ್ಲಿ ಅದೆಷ್ಟು ಉಪದೇಶ ಕೇಳಿದ್ದೇವೆ! ಹೊರಗೆ ಬಂದು ಮತ್ತೆ ಹಂಚುವುದು ಅದೇ ನಮೂನೆ.

ಹಸಿದವರಿಗೆ ಮೊದಲು ಅನ್ನ ಬೇಡವೇ ಎಂದು ಸ್ನೇಹಿತರೊಬ್ಬರು ಆಗಲೇ ಫೋನಿನಲ್ಲಿ ಕೇಳಿದರು. ಬೇಕು. ಇವತ್ತೇ ಬೇಕು, ಕೊಡಿ. ಅನ್ನ ಕೊಡುವಾಗ ಹೆಸರು, ಕಸುಬು, ಆಸಕ್ತಿ ಕೇಳಬಾರದು ಎಂದು ಯಾರು ಹೇಳಿದರು? ಇನ್ನೊಬ್ಬರದು ಇದಕ್ಕಿಂತ ಗಟ್ಟಿ ಆಕ್ಷೇಪ: ಜನರ ಶಕ್ತಿ ಎಂದು ಹಾಡಿ ಹೊಗಳಿದರೆ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆ ಎಂದು. ಅವರಿಗೆ ಕೆನಡಾದ ನೋವಾ ಸ್ಕೋಷಿಯಾದ ಮೀನುಗಾರರ ಕಥೆ ಹೇಳಬೇಕು. ಕ್ಯಾನ್ಸೋ ಎಂಬಲ್ಲಿ ಜಿಮ್ಮಿ ಟಾಂಪ್‌ಕಿನ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಇದ್ದರು. ಅವರ ಒತ್ತಾಸೆಯಿಂದ 1927ರಲ್ಲಿ ಅಲ್ಲಿನ ಮೀನುಗಾರರು ಒಟ್ಟುಸೇರಿ ತಮ್ಮ ಕಷ್ಟವನ್ನು ಗಟ್ಟಿಯಾಗಿ ಹೇಳಿದರು, ಸರ್ಕಾರ ವಿಚಾರಣಾ ಆಯೋಗ ನೇಮಿಸಬೇಕಾಯಿತು. ಮರುವರ್ಷ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯ ವಿಸ್ತರಣಾ ವಿಭಾಗ ತೆರೆದು ಫಾದರ್ ಮೋಸೆಸ್ ಕೋಡಿ ಅವರ ಕೈಗೆ ಕೊಟ್ಟಿತು. ಅವರು ಜನರನ್ನು ಮನೆಯ ಅಡುಗೆಕೋಣೆಗಳಲ್ಲೇ ಅಧ್ಯಯನ ಕೂಟಗಳಾಗಿ ಕೂರಿಸಿದರು. ನಿಮ್ಮ ಮೀನಿಗೆ ಇಷ್ಟು ಕಡಿಮೆ ಬೆಲೆ ಯಾಕೆ, ನಡುವೆ ಯಾರು ತಿನ್ನುತ್ತಿದ್ದಾರೆ, ನೀವೇ ಏನು ಮಾಡಬಹುದು ಎಂಬ ಪ್ರಶ್ನೆಗಳ ಸುತ್ತಲೇ ಅಲ್ಲಿನ ಓದು, ಚರ್ಚೆ. ಅಲ್ಲಿಂದ ಪತ್ತಿನ ಸಹಕಾರ ಸಂಘಗಳು ಹುಟ್ಟಿದವು, ಲಾಬ್‌ಸ್ಟರ್ ಡಬ್ಬಿಗೆ ತುಂಬುವ ಸಹಕಾರಿ ಕಾರ್ಖಾನೆಗಳು ಎದ್ದವು. ತಮ್ಮ ಶಕ್ತಿ ತಿಳಿದ ಜನ ಸರ್ಕಾರದ ಮುಂದೆ ಸುಮ್ಮನಾಗಲಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೇಳಿದರು. ಆದ್ದರಿಂದ ಆ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ.

ಕಟ್ಟಡದ ವಿಷಯವನ್ನೂ ಹೇಳಿಬಿಡುತ್ತೇನೆ. ವಾರದಲ್ಲಿ ಆರು ದಿನ ಬೀಗ ಹಾಕಿರುವ ಸಭಾಂಗಣ, ಗೋಡೆಗೆ ಪೇರಿಸಿಟ್ಟ ಕುರ್ಚಿಗಳು, ದೊಡ್ಡ ದೊಡ್ಡ ಅಡುಗೆ ಪಾತ್ರೆಗಳು, ಶ್ರುತಿ ತಪ್ಪದ ಹಾರ್ಮೋನಿಯಂ. ಪಕ್ಕದ ಮನೆಗಳಲ್ಲಿ ಓದಲು ಜಾಗವಿಲ್ಲದ ಮಕ್ಕಳು. ಇದಕ್ಕೆ ಯಾವ ದಾನಿಯೂ ಬೇಕಿಲ್ಲ, ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ತೀರ್ಮಾನವಾದರೆ ಸಾಕು. ನಮ್ಮ ಚರ್ಚಿನ ನೀರಿನ ಪಂಪ್ ಕೆಟ್ಟಾಗ ಹೊರಗಿನವರನ್ನು ಕರೆಸಿ ಹಣ ಕೊಟ್ಟರು. ಮೋಟಾರು ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವರು ಅದೇ ಭಾನುವಾರ ಕೊನೆಯ ಸಾಲಿನಲ್ಲಿ ಕೂತಿದ್ದರು. ನಮ್ಮ ನೆರವಿನ ಪಟ್ಟಿಯಲ್ಲಿ ಅವರು 'ನಿರುದ್ಯೋಗಿ'.

ನಮೂನೆ ತಿದ್ದುವುದು ಸುಲಭ, ಇನ್ನೊಂದು ಮಾತು ಸಮಿತಿಗೆ ಕಷ್ಟವಾಗುತ್ತದೆ. ಸ್ಪೇನಿನ ಬಾಸ್ಕ್ ಸೀಮೆಯ ಮೊಂಡ್ರಾಗನ್‌ಗೆ 1941ರಲ್ಲಿ ಬಂದ ತರುಣ ಪಾದ್ರಿ ಹೋಸೆ ಮರಿಯಾ ಅರಿಸ್‌ಮೆಂಡಿಯಾರ್ರಿಯೆಟಾ, ಎರಡು ವರ್ಷದಲ್ಲಿ ಅಲ್ಲೊಂದು ತಾಂತ್ರಿಕ ಶಾಲೆ ಆರಂಭಿಸಿದರು. 1956ರಲ್ಲಿ ಅವರ ಶಿಷ್ಯರು ಐವರು ಸೇರಿ ಕೆಲಸಗಾರರೇ ಒಡೆಯರಾದ ಒಂದು ಕಾರ್ಖಾನೆ ಕಟ್ಟಿದರು. ಅದು ಬೆಳೆದು ಇಂದು ಜಗತ್ತಿನ ಅತಿ ದೊಡ್ಡ ಸಹಕಾರಿ ಸಮೂಹಗಳಲ್ಲಿ ಒಂದಾಗಿದೆ. ಅದರ ಆಡಳಿತದಲ್ಲಿ ಆ ಪಾದ್ರಿ ಯಾವ ಅಧಿಕಾರದ ಹುದ್ದೆಯನ್ನೂ ಹಿಡಿಯಲಿಲ್ಲ, ಸಲಹೆಗಾರರಾಗಿಯೇ ಉಳಿದರು. ನಮ್ಮಲ್ಲಿ ಪಟ್ಟಿಯಲ್ಲಿರುವವರನ್ನು ಸಮಿತಿಯ ಕುರ್ಚಿಯಲ್ಲಿ ಕೂರಿಸಬೇಕಾದರೆ ಈಗ ಕೂತಿರುವ ಕೆಲವರು ಏಳಬೇಕು. ಬರುವ ಭಾನುವಾರ ಆ ಹಿರಿಯಮ್ಮನ ಹೆಸರನ್ನೂ ಮೋಟಾರು ರಿಪೇರಿಯವರ ಹೆಸರನ್ನೂ ನಾನು ಬರೆದು ಕೊಡುತ್ತೇನೆ. ಅನುಮೋದಿಸಲು ಎದ್ದು ನಿಲ್ಲುವವರು ಯಾರು, ಈಗಲೇ ತಿಳಿಸಿ.