ನಡುವಯಸ್ಸಿನ ಕನ್ಸೋಲಿಗೆ ಹೊಸ ಉಪಕರಣ

ಗೇಮ್ ಕನ್ಸೋಲೊಂದು ಮಾರುಕಟ್ಟೆಗೆ ಬಂದು ಕೆಲವು ವರ್ಷ ಕಳೆದ ಮೇಲೆ ಅದಕ್ಕೆ ಜೋಡಿಸಿಕೊಳ್ಳಲೆಂದು ಕಂಪನಿಗಳು ತರುವ ಉಪಕರಣಗಳು ಸೋಲುವುದು ಖಚಿತ ಎಂಬ ಮಾತು ಆಟಪ್ರಿಯರ ನಡುವೆ ಚಾಲ್ತಿಯಲ್ಲಿದೆ. ಹಾಗೆನ್ನುವವರು ಸಾಮಾನ್ಯವಾಗಿ ಮೊದಲು ಎತ್ತುವ ಹೆಸರು ಸೆಗಾ ಕಂಪನಿ ತನ್ನ ಜೆನೆಸಿಸ್ ಕನ್ಸೋಲಿನ ಶಕ್ತಿ ಹೆಚ್ಚಿಸಲೆಂದು ತಂದ 32ಎಕ್ಸ್. ಉದಾಹರಣೆ ಸರಿಯಾದದ್ದೇ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ನನಗೆ ಒಪ್ಪಿಗೆಯಿಲ್ಲ.

1994ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು 160 ಡಾಲರಿಗೆ ಬಂದ 32ಎಕ್ಸ್ ಅನ್ನು ಜೆನೆಸಿಸ್ ಕನ್ಸೋಲಿನ ಕಾರ್ಟ್ರಿಜ್ ಕಿಂಡಿಗೆ ಮೇಲಿನಿಂದ ಸಿಕ್ಕಿಸಬೇಕಿತ್ತು. ಅದಕ್ಕೆ ಬೇರೆಯದೇ ವಿದ್ಯುತ್ ಅಡಾಪ್ಟರ್, ಜೆನೆಸಿಸ್‌ನಿಂದ ಅದಕ್ಕೊಂದು ಕೇಬಲ್, ಅದರಿಂದ ಟಿವಿಗೆ ಮತ್ತೊಂದು. ಜೆನೆಸಿಸ್‌ಗೇ ಜೋಡಿಸುವ ಸಿಡಿ ಡ್ರೈವ್ ಆದ ಸೆಗಾ ಸಿಡಿಯನ್ನೂ ಕೊಂಡಿದ್ದವರು ಒಟ್ಟು ಮೂರು ಅಡಾಪ್ಟರುಗಳಿಗೆ ಜಾಗ ಹುಡುಕಬೇಕಿತ್ತು. ಇಷ್ಟನ್ನು ಜನ ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಅದೇ ತಿಂಗಳು ಜಪಾನಿನಲ್ಲಿ ಅದೇ ಕಂಪನಿಯ ಹೊಸ ಕನ್ಸೋಲ್ ಸ್ಯಾಟರ್ನ್ ಅಂಗಡಿಗೆ ಬಂದಿತ್ತು. ನಾಳೆ ಮೂಲೆ ಸೇರಲಿರುವ ಯಂತ್ರಕ್ಕೆ ಇಂದು ದುಡ್ಡು ಸುರಿಯುವವರು ಯಾರು? ಕೊಳ್ಳುವವರಿಲ್ಲವೆಂದು ಆಟ ತಯಾರಕರು ಹಿಂದೆ ಸರಿದರು, ಆಟಗಳಿಲ್ಲವೆಂದು ಕೊಳ್ಳುವವರು ದೂರ ಉಳಿದರು. ನಲವತ್ತರಷ್ಟು ಆಟಗಳಿಗೆ ಅದರ ಕಥೆ ಮುಗಿಯಿತು.

ತಡವಾಗಿ ಬಂದದ್ದಕ್ಕಿಂತ ಈ ಪರಸ್ಪರ ಅಪನಂಬಿಕೆಯೇ ಸೋಲಿನ ಮೂಲ. ಉಪಕರಣವು ಆಡುವವರ ಕೈಯಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆಯಿದ್ದರೆ ಮಾತ್ರ ಅದನ್ನು ನೆಚ್ಚಿ ಯಾರಾದರೂ ಆಟ ಕಟ್ಟಿಯಾರು. ನಿಂಟೆಂಡೊ 1999ರಲ್ಲಿ ಡಾಂಕಿ ಕಾಂಗ್ 64 ಆಟದ ಪೆಟ್ಟಿಗೆಯೊಳಗೇ ತನ್ನ ನಿಂಟೆಂಡೊ 64 ಕನ್ಸೋಲಿನ ಮೆಮೊರಿಯನ್ನು 4 ಎಂಬಿಯಿಂದ 8 ಎಂಬಿಗೆ ಏರಿಸುವ ಎಕ್ಸ್‌ಪಾನ್ಷನ್ ಪ್ಯಾಕ್ ಇಟ್ಟು ಮಾರಿತು. (ಅದೇ ವರ್ಷದ ಕೊನೆಗೆ ಜಪಾನಿನಲ್ಲಿ ಅದೇ ಕನ್ಸೋಲಿಗೆ ತಂದ ಡಿಸ್ಕ್ ಡ್ರೈವ್ 64ಡಿಡಿ ನೆಲಕಚ್ಚಿತು, ಆ ಮಾತು ಬೇರೆ.) ಅದೇ ನಿಂಟೆಂಡೊದ ವೀ ಕನ್ಸೋಲಿಗೆ, ವೀ ಫಿಟ್ ಎಂಬ ವ್ಯಾಯಾಮದ ಆಟದೊಂದಿಗೆ ಬಂದ, ಮೇಲೆ ನಿಂತು ಆಡುವ ಬ್ಯಾಲೆನ್ಸ್ ಬೋರ್ಡ್ ಎರಡು ಕೋಟಿಗೂ ಹೆಚ್ಚು ಮಾರಾಟವಾಯಿತು. ಸೋನಿಯ ಡ್ಯುಯಲ್‌ಶಾಕ್ ಕಂಟ್ರೋಲರ್ ಬಂದದ್ದು ಪ್ಲೇಸ್ಟೇಷನ್ ಹುಟ್ಟಿ ಸುಮಾರು ಮೂರು ವರ್ಷವಾದ ಮೇಲೆ, 1997ರಲ್ಲಿ. ಮುಂದೆ ಹಳೆಯ ಕಂಟ್ರೋಲರಿನ ಬದಲು ಅದನ್ನೇ ಕನ್ಸೋಲಿನ ಜೊತೆ ಕೊಡತೊಡಗಿದ್ದರಿಂದ, ಅದು ಒಂದು ಕಾಲಕ್ಕೆ ಪ್ರತ್ಯೇಕ ಉಪಕರಣವಾಗಿತ್ತೆಂಬುದೇ ಇಂದು ಹಲವರಿಗೆ ನೆನಪಿಲ್ಲ.

ಈ ವಾದಕ್ಕೆ ತೊಡಕಾಗುವುದು ಕಿನೆಕ್ಟ್ ಒಂದೇ: ಆಡುವವರ ಮೈಚಲನೆಯನ್ನೇ ಗುರುತಿಸುವ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲಿಗೆ ಜೋಡಿಸುವ ಕ್ಯಾಮೆರಾ. 2010ರ ನವೆಂಬರಿನಲ್ಲಿ ಬಂದ ಅದು ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು. 2013ರಲ್ಲಿ ಮೈಕ್ರೋಸಾಫ್ಟ್ ಅದರ ಹೊಸ ಆವೃತ್ತಿಯನ್ನು ಎಕ್ಸ್‌ಬಾಕ್ಸ್ ಒನ್ ಜೊತೆ ಕಡ್ಡಾಯವಾಗಿ ಕೊಟ್ಟು 499 ಡಾಲರ್ ಬೆಲೆಯಿಟ್ಟಿತು. ಎದುರಾಳಿ ಪ್ಲೇಸ್ಟೇಷನ್ 4 ಸಿಗುತ್ತಿದ್ದದ್ದು 399ಕ್ಕೆ. ಮರುವರ್ಷವೇ ಕಿನೆಕ್ಟ್ ಇಲ್ಲದ ಕನ್ಸೋಲನ್ನು ಅದೇ 399ಕ್ಕೆ ಇಳಿಸಬೇಕಾಯಿತು. ಎಲ್ಲರ ಕೈಗೂ ತಲುಪಿಸಿದರೆ ಸಾಲದು ಎಂಬುದನ್ನು ಇಲ್ಲಿ ಒಪ್ಪಲೇಬೇಕು: ಕುಣಿಯುವ ಆಟಗಳನ್ನು ಬಿಟ್ಟರೆ, ಕಂಟ್ರೋಲರನ್ನು ಕೆಳಗಿಟ್ಟು ಎದ್ದು ನಿಲ್ಲುವಂತೆ ಮಾಡಿದ ಆಟ ನನ್ನ ಮಟ್ಟಿಗಂತೂ ಕಿನೆಕ್ಟಿಗೆ ಬರಲೇ ಇಲ್ಲ.